ಫ್ಯಾನ್ ಇರೋ ವಿಮಾನ

ಶಿವಮೊಗ್ಗ ಏರ್‌ಪೋರ್ಟಿನ ಗಾಜಿನ ಆಚೆ ನಿಂತಿದ್ದ ವಿಮಾನ ನೋಡಿ ಅಮ್ಮ ಮೊದಲು ಹೇಳಿದ್ದು, "ಇದಕ್ಕೆ ಫ್ಯಾನ್ ಇದೆಯಲ್ಲೋ" ಅಂತ. ಅದರಲ್ಲಿ ಸಂತೋಷ ಇತ್ತೋ ಅನುಮಾನ ಇತ್ತೋ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಅರವತ್ತೆಂಟು ವರ್ಷಕ್ಕೆ ಮೊದಲ ಸಲ ವಿಮಾನ ಹತ್ತೋಕೆ ಬಂದವಳು ಅವಳು, ಟಿವಿಲಿ ನೋಡಿದ ವಿಮಾನಕ್ಕೆಲ್ಲ ರೆಕ್ಕೆ ಕೆಳಗೆ ದಪ್ಪ ಡ್ರಮ್ಮು ನೇತಾಡ್ತಿತ್ತು, ಇಲ್ಲಿ ನೋಡಿದ್ರೆ ರೆಕ್ಕೆ ತಲೆ ಮೇಲಿದೆ, ಅದರ ಮುಂದೆ ಆರಾರು ಎಸಳಿನ ಎರಡು ಪಂಕ, ಬಾಗಿಲು ಹಿಂದಿದೆ, ಬಾಗಿಲೇ ಬಿಚ್ಚಿಕೊಂಡು ಮೆಟ್ಟಿಲಾಗಿದೆ. ಹತ್ತಿ ಕೂತು ಇಂಜಿನ್ ಶುರುವಾದ ಮೇಲೆ ಎರಡನೇ ಮಾತು ಬಂತು: "ತೋಟಕ್ಕೆ ಔಷಧಿ ಹೊಡೆಯೋ ಮಿಷನ್ ಥರಾನೇ ಸೌಂಡು". ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಮನೆಯವರಿಗೆ ಮಾತ್ರ ಹೊಳೆಯೋ ಹೋಲಿಕೆ ಇದು, ನಂಗಂತೂ ಆಮೇಲೆ ಆ ವಿಮಾನದ ಸದ್ದು ಕೇಳಿದಾಗೆಲ್ಲ ಬೋರ್ಡೋ ದ್ರಾವಣದ ವಾಸನೆ ಬಂದಂಗೆ ಆಗುತ್ತೆ.

ಆ ವಿಮಾನದ ಹೆಸರು ಎಟಿಆರ್ 72. ಜೆಟ್ ಅಲ್ಲ, ಟರ್ಬೊಪ್ರಾಪ್. ನಮ್ಮ ಶಿವಮೊಗ್ಗಕ್ಕೆ 2023ರ ಆಗಸ್ಟ್ 31ಕ್ಕೆ ಬೆಂಗಳೂರಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಇಂಡಿಗೋದ್ದು, ಅದೂ ಇದೇ ಎಟಿಆರ್. ಅದಕ್ಕೂ ಆರು ತಿಂಗಳು ಮುಂಚೆ, ಫೆಬ್ರವರಿ 27ಕ್ಕೆ, ಪ್ರಧಾನಿ ಬಂದು ಏರ್‌ಪೋರ್ಟ್ ಉದ್ಘಾಟನೆ ಮಾಡಿ ಹೋಗಿದ್ರು, ಸೋಗಾನೆಯಲ್ಲಿ ಕಮಲದ ಆಕಾರದ ಟರ್ಮಿನಲ್ಲು, 3,200 ಮೀಟರ್ ಉದ್ದದ ರನ್‌ವೇ. ಈ 3,200 ಅನ್ನೋ ನಂಬರ್ ನಮ್ಮೂರ ಕಡೆ ಆವಾಗ ಎಷ್ಟು ಓಡಾಡಿತ್ತು ಅಂದ್ರೆ ಚಹಾ ಅಂಗಡಿಯಲ್ಲಿ ಕೂತೋರಿಗೂ ಬಾಯಿಪಾಠ. ಬೋಯಿಂಗ್ ಇಳಿಯುತ್ತೆ, ಏರ್‌ಬಸ್ ಇಳಿಯುತ್ತೆ, ದುಬೈಗೆ ಡೈರೆಕ್ಟ್ ಆಗುತ್ತೆ. ಕೊನೆಗೆ ಇಳಿದಿದ್ದು ಅದರ ಅರ್ಧಕ್ಕಿಂತ ಕಡಿಮೆ ರನ್‌ವೇಲಿ ಇಳಿದು ಹತ್ತಬಲ್ಲ ಪಂಕದ ವಿಮಾನ. ಭದ್ರಾವತಿ ಕಡೆ ತೋಟ ಇರೋ ನಮ್ಮ ಸೋದರಮಾವನಿಗೆ ಇದು ಅವಮಾನ ಅಂತಲೇ ಅನ್ನಿಸಿಬಿಟ್ಟಿತ್ತು. "ಇಷ್ಟು ಉದ್ದ ರೋಡ್ ಮಾಡಿ ಟೆಂಪೋ ಟ್ರಾವೆಲರ್ ಕಳಿಸ್ತಾರಲ್ಲ" ಅಂದ.

ಮಾವನ ಆ ಮಾತಿಗೆ ಉತ್ತರ ಹುಡುಕ್ತಾ ಹುಡುಕ್ತಾನೇ ನಾನು ಈ ವಿಮಾನದ ಹಿಂದೆ ಬಿದ್ದಿದ್ದು. ಇಂಜಿನಿಯರ್ ಹೌದು, ಆದ್ರೆ ಸಾಫ್ಟ್‌ವೇರ್, ಅಂದ್ರೆ ನಟ್ಟು ಬೋಲ್ಟಿನ ವಿಷಯದಲ್ಲಿ ಮಾವನಿಗಿಂತ ಹೆಚ್ಚೇನೂ ಗೊತ್ತಿಲ್ಲದ ಜಾತಿ, ಅವನಿಗಾದ್ರೂ ಪಂಪ್‌ಸೆಟ್ ಬಿಚ್ಚಿ ಜೋಡಿಸೋಕೆ ಬರುತ್ತೆ.

ಮೊದಲು ಒಂದು ತಪ್ಪು ಕಲ್ಪನೆ. ಫ್ಯಾನ್ ಇದೆ ಅಂದ್ರೆ ಹಳೇ ಕಾಲದ್ದು ಅಂತ ಎಲ್ಲರೂ ಅಂದ್ಕೋತಾರೆ, ನಾನೂ ಅಂದ್ಕೊಂಡಿದ್ದೆ. ಒಳಗಿರೋದು ಜೆಟ್ ಇಂಜಿನ್ನೇ. ಗಾಳಿ ಎಳ್ಕೊಂಡು, ಒತ್ತಿ, ಸೀಮೆಎಣ್ಣೆ ಜಾತಿಯದೇ ಇಂಧನ ಉರಿಸಿ, ಆ ಬಿಸಿ ಗಾಳಿಲಿ ಟರ್ಬೈನ್ ತಿರುಗಿಸುತ್ತೆ. ಜೆಟ್‌ನಲ್ಲಿ ಮುಂದಿನ ದೊಡ್ಡ ಫ್ಯಾನು ಕವಚದ ಒಳಗಿರುತ್ತೆ, ಇಲ್ಲಿ ಟರ್ಬೈನಿನ ಶಕ್ತಿ ಗೇರ್‌ಬಾಕ್ಸ್ ಮೂಲಕ ಹೊರಗಿರೋ ಪ್ರೊಪೆಲ್ಲರ್‌ಗೆ ಹೋಗುತ್ತೆ. ಎಟಿಆರ್‌ನಲ್ಲಿರೋದು ಪ್ರ್ಯಾಟ್ ಆ್ಯಂಡ್ ವಿಟ್ನಿ ಕೆನಡಾದ ಪಿಡಬ್ಲ್ಯು127 ಇಂಜಿನ್ನು, ಒಳಗಿನ ಟರ್ಬೈನ್ ನಿಮಿಷಕ್ಕೆ ಸುಮಾರು 20,000 ಸುತ್ತು ಹೊಡೆದ್ರೆ ಹೊರಗಿನ ಪ್ರೊಪೆಲ್ಲರ್ ಹೆಚ್ಚಂದ್ರೆ 1,200. ಯಾಕೆ ಅಷ್ಟು ಇಳಿಸ್ಬೇಕು ಅಂದ್ರೆ, ಪ್ರೊಪೆಲ್ಲರ್‌ದು ತುದಿಯಿಂದ ತುದಿಗೆ 3.93 ಮೀಟರ್, ನಮ್ಮ ಮನೆ ಪಡಸಾಲೆಯ ಅಗಲಕ್ಕಿಂತ ಜಾಸ್ತಿ, ಅಷ್ಟು ದೊಡ್ಡದು 1,200ರಲ್ಲಿ ತಿರುಗಿದ್ರೇನೇ ಎಸಳಿನ ತುದಿ ಸೆಕೆಂಡಿಗೆ ಇನ್ನೂರೈವತ್ತು ಮೀಟರ್ ಹತ್ತಿರ ಹೋಗ್ತಿರುತ್ತೆ. ಅದರ ಜೊತೆ ವಿಮಾನದ್ದೇ ವೇಗ ಸೇರ್ಕೊಳ್ಳುತ್ತೆ, ಎರಡೂ ಸೇರಿ ಶಬ್ದದ ವೇಗದ ಹತ್ತಿರ ಹೋದ್ರೆ ಎಸಳು ಗಾಳಿನ ಹಿಡಿಯೋದು ಬಿಟ್ಟು ಬರೀ ಕಿರುಚುತ್ತೆ. ಹಾಗಾಗಿ ಟರ್ಬೊಪ್ರಾಪ್‌ಗೆ ಒಂದು ಗೆರೆ ಇದೆ, ಅದನ್ನ ದಾಟಿ ಓಡೋಕೆ ಹೋದ್ರೆ ಲಾಭ ಇಲ್ಲ. ಎಟಿಆರ್ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತೆ, ಏರ್‌ಬಸ್ ಎ320 ಆದ್ರೆ 830ರ ಆಸುಪಾಸು.

ಆದ್ರೆ ಗೆರೆ ಒಳಗಿದ್ದಾಗ ಪ್ರೊಪೆಲ್ಲರ್ ಭಾರೀ ಜಿಪುಣ. ಕಡಿಮೆ ಗಾಳಿನ ಜೋರಾಗಿ ಹಿಂದಕ್ಕೆ ಒದೆಯೋದಕ್ಕಿಂತ ಜಾಸ್ತಿ ಗಾಳಿನ ನಿಧಾನಕ್ಕೆ ತಳ್ಳೋದು ಅಗ್ಗ. ದೋಣಿ ಹುಟ್ಟು ಹಾಕಿದವರಿಗೆ ಇದು ಪುಸ್ತಕ ಇಲ್ದೇ ಗೊತ್ತಿರುತ್ತೆ, ಅಗಲ ಹುಟ್ಟಲ್ಲಿ ನಿಧಾನ ಎಳೆದವನು ಕೈ ನೋಯಿಸ್ಕೊಳ್ದೇ ಆಚೆ ದಡ ಸೇರ್ತಾನೆ.

ಈಗ ನಮ್ಮ ದಾರಿಗೆ ಬರೋಣ. ಬೆಂಗಳೂರು ಏರ್‌ಪೋರ್ಟಿಂದ ಸೋಗಾನೆಗೆ ಆಕಾಶದಲ್ಲಿ ಹೆಚ್ಚೂಕಮ್ಮಿ 250 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಎ320ಗೆ ಇಂಧನ ಉಳಿಯೋದು 35,000 ಅಡಿ ಎತ್ತರಕ್ಕೆ ಹೋಗಿ ತೆಳು ಗಾಳಿಯಲ್ಲಿ ತೇಲಿದಾಗ, ಅಲ್ಲಿಗೆ ಏರೋಕ್ಕೇ ಇಪ್ಪತ್ತು ನಿಮಿಷದ ಹತ್ತಿರ ಬೇಕು, ಅಷ್ಟೊತ್ತಿಗೆ ಶಿವಮೊಗ್ಗ ಬಂದೇ ಬಿಟ್ಟಿರುತ್ತೆ. ಅಂದ್ರೆ ಅದು ಏರ್ತಾ ಏರ್ತಾನೇ ಇಳಿಯೋಕೆ ಶುರು ಮಾಡ್ಬೇಕು, ಜೀವನದಲ್ಲಿ ಒಂದ್ಸಲನೂ ಟಾಪ್ ಗೇರ್ ಹಾಕ್ದೇ ಊರು ತಲುಪಿದ ಕಾರಿನ ಥರ. ಎಟಿಆರ್‌ಗೆ 25,000 ಅಡಿ ಮೇಲೆ ಹೋಗೋ ಯೋಗ್ಯತೆಯೇ ಇಲ್ಲ, ಈ ದಾರಿಲಿ ಅಷ್ಟೂ ಬೇಕಿಲ್ಲ. ನಾನು ಕೂತು ಲೆಕ್ಕ ಹಾಕಿದ ಪ್ರಕಾರ ಎರಡಕ್ಕೂ ಇರೋ ವ್ಯತ್ಯಾಸ ಹತ್ತು ನಿಮಿಷದ ಆಸುಪಾಸು. ಆ ಹತ್ತು ನಿಮಿಷನ ನಾವು ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಸಿಗ್ನಲ್ ಕೂಡ ಇಲ್ದೇ ಕಳ್ಕೋತೀವಿ.

ದುಡ್ಡಿನ ಲೆಕ್ಕ ಇನ್ನೂ ಸ್ಪಷ್ಟ. ಎ320 ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಕುಡಿಯುತ್ತೆ, ಎಟಿಆರ್ 72 ಹೆಚ್ಚೂಕಮ್ಮಿ ಅದರ ಮೂರನೇ ಒಂದು ಪಾಲು. ಸೀಟು ಒಂದರಲ್ಲಿ 180, ಇನ್ನೊಂದರಲ್ಲಿ 78. ಭಾಗಿಸಿ ನೋಡಿದ್ರೂ ಸೀಟಿಗೆ ಎಟಿಆರೇ ಕಡಿಮೆ, ಆದ್ರೆ ಅಸಲಿ ವಿಷಯ ಭಾಗಾಕಾರದಲ್ಲಿಲ್ಲ. ಶಿವಮೊಗ್ಗದಿಂದ ಒಂದು ಮಂಗಳವಾರ ಬೆಳಗ್ಗೆ ದುಡ್ಡು ಕೊಟ್ಟು ಬೆಂಗಳೂರಿಗೆ ಹಾರೋರು 180 ಜನ ಸಿಗ್ತಾರಾ ಅನ್ನೋದು ಪ್ರಶ್ನೆ. 60 ಜನ ಬಂದ್ರೆ ಎಟಿಆರ್ ಮುಕ್ಕಾಲು ಭಾಗ ತುಂಬಿತು, ಕಂಪನಿ ನಾಳೆನೂ ಬರುತ್ತೆ. ಅದೇ 60 ಜನ ಏರ್‌ಬಸ್‌ನಲ್ಲಿ ಕೂತ್ರೆ ಮದುವೆ ಛತ್ರದಲ್ಲಿ ನಾಮಕರಣ ಮಾಡಿದಂಗೆ, ಮೂರು ತಿಂಗಳಿಗೆ ಬೋರ್ಡ್ ತೆಗೀತಾರೆ.

ಆ 78 ಅನ್ನೋ ಸಂಖ್ಯೆ ಹಿಂದೆ ಇನ್ನೊಂದು ಕಥೆ. ನಮ್ಮ ದೇಶದ ನಿಯಮದಲ್ಲಿ 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಏರ್‌ಪೋರ್ಟ್ ಅಥಾರಿಟಿಯ ನಿಲ್ದಾಣಗಳಲ್ಲಿ ಲ್ಯಾಂಡಿಂಗ್ ಚಾರ್ಜ್ ಇಲ್ಲ. 40,000 ಕೆಜಿಗಿಂತ ಕಡಿಮೆ ತೂಕದ ವಿಮಾನಕ್ಕೆ ಹಾಕೋ ಇಂಧನದ ಮೇಲೆ ರಾಜ್ಯಗಳು ಮನಸ್ಸಿಗೆ ಬಂದಷ್ಟು ತೆರಿಗೆ ಹಾಕೋ ಹಾಗೂ ಇಲ್ಲ, ಮಿತಿ ಇದೆ. ಎಟಿಆರ್ 72 ತುಂಬಿ ನಿಂತಾಗ ತೂಗೋದು 23,000 ಕೆಜಿ ಅಷ್ಟೇ. ಅಂದ್ರೆ ನಮ್ಮ ಸರ್ಕಾರಗಳು ಮೊದಲೇ ಯೋಚಿಸಿ ಚಿಕ್ಕ ವಿಮಾನಕ್ಕೆ ದಾರಿ ಬಿಟ್ಟಿವೆ, ಭಾಷಣಕ್ಕೆ ಮಾತ್ರ ದೊಡ್ಡ ವಿಮಾನ ಬೇಕು.

ಅಮ್ಮನ ಪ್ರಯಾಣಕ್ಕೆ ವಾಪಸ್ ಬರ್ತೀನಿ. ಬಸ್ಸಿಂದ ಇಳಿದು ನಡ್ಕೊಂಡು ಹೋಗಿ ಹಿಂದಿನ ಬಾಗಿಲಲ್ಲಿ ಹತ್ತಿದ್ವಿ. ಎಟಿಆರ್‌ನಲ್ಲಿ ಲಗೇಜ್ ಮುಂದೆ, ಜನ ಹಿಂದಿನಿಂದ. ಕೆಲವು ಸಲ ಬಾಲದ ಕೆಳಗೆ ಒಂದು ಕೋಲು ಊರಿ ನಿಲ್ಲಿಸಿರ್ತಾರೆ, ಎಲ್ಲರೂ ಹಿಂದೆಯೇ ಗುಂಪು ಸೇರಿದ್ರೆ ಮೂತಿ ಮೇಲೆದ್ದು ಬಾಲ ನೆಲಕ್ಕೆ ಕೂರ್ಬಾರದಲ್ಲ ಅದಕ್ಕೆ. ಹಳೇ ಎತ್ತಿನ ಗಾಡಿಗೆ ಹಿಂದೆ ಕಟ್ಟಿಗೆ ಊರ್ತಿದ್ದ ನೆನಪು ಅಮ್ಮನಿಗೂ ಬಂತು ನಂಗೂ ಬಂತು. ಒಳಗೆ ಆ ಕಡೆ ಎರಡು ಈ ಕಡೆ ಎರಡು ಸೀಟು, ಮಧ್ಯದ ಸೀಟು ಅನ್ನೋ ಶಿಕ್ಷೆಯೇ ಇಲ್ಲ, ಅದೊಂದಕ್ಕೇ ನಾನು ಈ ವಿಮಾನನ ಕ್ಷಮಿಸಿಬಿಡ್ತೀನಿ. ತಲೆ ಮೇಲಿನ ಡಬ್ಬಿ ಮಾತ್ರ ಚಿಕ್ಕದು, ನನ್ನ ಟ್ರಾಲಿ ಹೋಗ್ಲಿಲ್ಲ, ಅಮ್ಮನ ಕೈಚೀಲ ಹಲಸಿನ ಹಪ್ಪಳ ಸಮೇತ ಸರಾಗ ಹೋಯ್ತು. ನಮ್ಮೂರಿನ ಚೀಲ ನೋಡಿಯೇ ಡಿಸೈನ್ ಮಾಡಿದಂಗಿದೆ.

ಮುಂಚೆ ಒಂದ್ಸಲ ಬೇರೆ ಊರಿಂದ ಬರುವಾಗ ನಡೆದ ತಮಾಷೆ ಹೇಳ್ಬೇಕು. ಬಲಗಡೆ ಕಿಟಕಿಲಿ ಕೂತಿದ್ದ ನಮ್ಮ ಪಕ್ಕದವರು ಗಗನಸಖಿನ ಕರೆದು, "ಇಂಜಿನ್ ಸೌಂಡ್ ಬರ್ತಾ ಇದೆ, ಫ್ಯಾನ್ ತಿರುಗ್ತಾ ಇಲ್ಲ ಮೇಡಂ, ಸ್ಟಕ್ ಆಗಿದೆ" ಅಂತ ಗಾಬರಿಯಿಂದ ಕೇಳಿದ್ರು. ಆಕೆ ನಕ್ಕು ಸುಮ್ಮನಾದ್ರು, ನಂಗೂ ಆವಾಗ ಗೊತ್ತಿರ್ಲಿಲ್ಲ. ಆಮೇಲೆ ಓದಿದೆ, ಎಟಿಆರ್‌ಗೆ ಬಾಲದಲ್ಲಿ ಬೇರೆ ಪುಟ್ಟ ಇಂಜಿನ್ ಇಲ್ಲ. ದೊಡ್ಡ ವಿಮಾನಗಳಲ್ಲಿ ನಿಂತಿದ್ದಾಗ ಕರೆಂಟು, ಎಸಿ ಕೊಡೋಕೆ ಅಂಥದ್ದೊಂದು ಇರುತ್ತೆ, ಇಲ್ಲಿ ತೂಕ ಉಳಿಸೋಕೆ ಅದನ್ನ ಇಟ್ಟೇ ಇಲ್ಲ. ಬದಲಿಗೆ ಬಲಗಡೆ ಪ್ರೊಪೆಲ್ಲರ್‌ಗೆ ಒಂದು ಬ್ರೇಕ್ ಹಾಕಿ ಹಿಡಿದು, ಇಂಜಿನ್ ಮಾತ್ರ ಓಡಿಸ್ತಾರೆ. ಒಳಗೆ ಗಾಳಿ ಒತ್ತೋ ಭಾಗನ ತಿರುಗಿಸೋ ಟರ್ಬೈನಿಗೂ ಪ್ರೊಪೆಲ್ಲರ್ ತಿರುಗಿಸೋ ಟರ್ಬೈನಿಗೂ ನೇರ ಕೊಂಡಿ ಇಲ್ಲದೇ ಇರೋದ್ರಿಂದ ಇದು ಸಾಧ್ಯ. ಪೈಲಟ್‌ಗಳು ಇದಕ್ಕೆ ಹೋಟೆಲ್ ಮೋಡ್ ಅಂತಾರೆ. ಕ್ಲಚ್ ಒತ್ತಿ ಹಿಡಿದು ಎಸಿ ಹಾಕ್ಕೊಂಡು ಕೂತ ಟ್ಯಾಕ್ಸಿ ಡ್ರೈವರ್ ನೆನಪಾಗ್ತಾನೆ ನಂಗೆ.

ಟೇಕಾಫ್ ಆದ ಮೇಲೆ ಅಮ್ಮ ಕಿಟಕಿ ಬಿಟ್ಟು ಅಲ್ಲಾಡ್ಲಿಲ್ಲ. ರೆಕ್ಕೆ ಮೇಲಿರೋದ್ರಿಂದ ಕೆಳಗಿನ ನೆಲ ಪೂರ್ತಿ ಕಾಣುತ್ತೆ, ಚಕ್ರ ಹೊಟ್ಟೆಯೊಳಗೆ ಮಡಚಿಕೊಳ್ಳೋದೂ ಕಾಣುತ್ತೆ. ಎತ್ತರ ಕಡಿಮೆ ಅನ್ನೋದು ಜೆಟ್ ಪ್ರಿಯರಿಗೆ ಕೊರತೆ ಇರಬಹುದು, ನಂಗೆ ಅದೇ ಟಿಕೆಟ್ಟಿನ ಬೆಲೆ. 36,000 ಅಡಿಯಿಂದ ನೋಡಿದ್ರೆ ಕರ್ನಾಟಕವೂ ಒಂದೇ ಕಝಾಕಿಸ್ತಾನವೂ ಒಂದೇ, ಕಂದು ಹಸಿರು ಬಟ್ಟೆ. ಇಲ್ಲಿಂದ ಕೆರೆ ಏರಿ ಕಾಣುತ್ತೆ, ಅಡಿಕೆ ತೋಟದ ಸಾಲು ಕಾಣುತ್ತೆ, ಭದ್ರಾವತಿ ಆಚೆಗೆ ತೋಟ ಮುಗಿದು ತೆಂಗು ಶುರುವಾಗಿ, ತೆಂಗು ಮುಗಿದು ರಾಗಿ ಹೊಲ ಬಂದು, ರಾಗಿ ಹೊಲ ಮುಗಿದು ಲೇಔಟಿನ ಕಲ್ಲು ಶುರುವಾಗೋದು ಕಾಣುತ್ತೆ. ಮಲೆನಾಡಿಂದ ಬಯಲುಸೀಮೆಗೆ ಇಳಿಯೋದನ್ನ ಒಂದು ಗಂಟೆಯಲ್ಲಿ ಬಿಡಿಸಿ ತೋರಿಸೋ ಇನ್ನೊಂದು ವಾಹನ ನಂಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಇದೇ ಎತ್ತರದಲ್ಲಿ ಮೋಡಾನೂ ಇರುತ್ತೆ, ಆವಾಗ ಹೊಟ್ಟೆ ಗಟ್ಟಿ ಇರ್ಬೇಕು. ಸದ್ದಿನ ಬಗ್ಗೆ ಒಂದು ಉಪಯೋಗದ ಮಾತು, ಪ್ರೊಪೆಲ್ಲರ್ ಇರೋದು ರೆಕ್ಕೆ ಮುಂದೆ, ಹಾಗಾಗಿ ಮುಂದಿನ ಅರ್ಧದಲ್ಲಿ ಗುಂಯ್ ಅನ್ನೋದು ಜಾಸ್ತಿ, ಹಿಂದೆ ಕೂತ್ರೆ ಆರಾಮ, ಇಳಿಯೋದೂ ಮೊದಲು.

ನಮ್ಮ ದೇಶಕ್ಕೆ ಈ ಟರ್ಬೊಪ್ರಾಪ್‌ಗಳು ಹೊಸದೇನಲ್ಲ. ಇಂಡಿಯನ್ ಏರ್‌ಲೈನ್ಸ್ 1950ರ ದಶಕದಲ್ಲೇ ವೈಕೌಂಟ್ ತಂದಿತ್ತು, ಆಮೇಲೆ ಫೋಕರ್ ಫ್ರೆಂಡ್‌ಶಿಪ್, ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಆವ್ರೋ. ಆ ಕಾನ್ಪುರದ ಮೊದಲ ಆವ್ರೋ ಹಾರಿದ್ದು 1961ರ ನವೆಂಬರ್ 1ಕ್ಕೆ. ವಯಸ್ಸಾದೋರು ಈಗಲೂ ಸಣ್ಣ ವಿಮಾನ ಕಂಡ್ರೆ "ಆವ್ರೋ ಏನೋ ಅದು" ಅಂತಾರೆ. 1981ರಲ್ಲಿ ಸಣ್ಣ ಊರುಗಳಿಗೆ ಅಂತಲೇ ವಾಯುದೂತ್ ಶುರುವಾಯ್ತು, 19 ಸೀಟಿನ ಡಾರ್ನಿಯರ್ ಇಟ್ಕೊಂಡು ಎಲ್ಲೆಲ್ಲೋ ಹಾರಿ, ನಷ್ಟದಲ್ಲಿ ಮುಳುಗಿ, 1993ರಲ್ಲಿ ಇಂಡಿಯನ್ ಏರ್‌ಲೈನ್ಸ್ ಹೊಟ್ಟೆ ಸೇರಿತು. ಕನ್ನಡದವರ ಮನಸ್ಸಲ್ಲಿ ಉಳಿದಿದ್ದು ಮಾತ್ರ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್. 2003ರ ಆಗಸ್ಟ್‌ನಲ್ಲಿ ಎಟಿಆರ್ 42 ವಿಮಾನ ಇಟ್ಕೊಂಡು ಶುರು ಮಾಡಿದ್ರು, ಶುರುವಿನ ದಿನಗಳಲ್ಲೇ ಹುಬ್ಬಳ್ಳಿಗೆ ಹಾರಿದ್ರು, ಮೈಮೇಲೆ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಚಿತ್ರ. ನಮ್ಮ ಕಾಲೇಜಿನ ಹುಬ್ಬಳ್ಳಿ ಗೆಳೆಯನೊಬ್ಬ ಬಸ್ಸಿನ ದುಡ್ಡಿಗೆ ಸ್ವಲ್ಪ ಸೇರಿಸಿ ವಿಮಾನದಲ್ಲಿ ಬಂದೆ ಅಂತ ಬೋರ್ಡಿಂಗ್ ಪಾಸನ್ನ ಪರ್ಸಲ್ಲಿ ಎರಡು ವರ್ಷ ಇಟ್ಕೊಂಡಿದ್ದ, ಅಕ್ಷರ ಅಳಿಸಿ ಬರೀ ಬಿಳಿ ಕಾಗದ ಆದ್ರೂ ಎಸೆದಿರ್ಲಿಲ್ಲ.

ಬೆಂಗಳೂರಲ್ಲೇ ಇನ್ನೊಂದು ಟರ್ಬೊಪ್ರಾಪ್ ಕಥೆ ಇದೆ, ಅದನ್ನ ಹೇಳುವಾಗ ದನಿ ಸ್ವಲ್ಪ ಇಳಿಯುತ್ತೆ. ಎನ್‌ಎಎಲ್, ಅಂದ್ರೆ ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆಯವರ ಸರಸ್. 14 ಸೀಟು, ಪ್ರೊಪೆಲ್ಲರ್‌ಗಳು ಬಾಲದ ಹತ್ತಿರ ಹಿಂದಕ್ಕೆ ಮುಖ ಮಾಡಿ ತಳ್ಳೋ ಥರದ್ದು, ನೋಡೋಕೆ ಚಂದ. 2004ರ ಮೇ 29ಕ್ಕೆ ಮೊದಲ ಸಲ ಹಾರಿತು. 2009ರ ಮಾರ್ಚ್ 6ಕ್ಕೆ ಎರಡನೇ ವಿಮಾನ ಬಿಡದಿ ಹತ್ತಿರ ಶೇಷಗಿರಿಹಳ್ಳಿಯಲ್ಲಿ ಬಿತ್ತು, ಹಾರಾಟದಲ್ಲೇ ಇಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡೋ ಪರೀಕ್ಷೆ ನಡೀತಿತ್ತು, ವಾಯುಪಡೆಯ ಮೂವರು ಅಧಿಕಾರಿಗಳು ಹೋದ್ರು. ಅದಾದ ಮೇಲೆ ಯೋಜನೆ ಮಲಗಿ, 2018ರ ಜನವರಿಯಲ್ಲಿ ತಿದ್ದಿದ ವಿಮಾನ ಮತ್ತೆ ಹಾರಿ, ಈಗ 19 ಸೀಟಿನ ಮಾರ್ಕ್ 2 ಅಂತ ಕೆಲಸ. ಆ ವಿಮಾನ ಬಿದ್ದ ದಿನ ಸಂಜೆ ಮೈಸೂರು ರಸ್ತೆಲಿ ಬರುವಾಗ ಬಿಡದಿ ಹತ್ತಿರ ಟ್ರಾಫಿಕ್ ನಿಂತಿತ್ತು, ತಟ್ಟೆ ಇಡ್ಲಿ ಹೋಟೆಲಿನವರು ಯಾವುದೋ ವಿಮಾನ ಬಿದ್ದಿದೆಯಂತೆ ಅಂದಾಗ ನಾವು ನಂಬಿರ್ಲಿಲ್ಲ. ದೇಶಕ್ಕೆ ಬೇಕಾದ ಚಿಕ್ಕ ವಿಮಾನನ ದೇಶದಲ್ಲೇ ಮಾಡೋಕೆ ಹೊರಟ ಊರು ನಮ್ಮದು, ಇಷ್ಟು ವರ್ಷದ ಮೇಲೂ ನಾವು ಹತ್ತೋದು ಫ್ರಾನ್ಸಿನ ಟೂಲೂಸ್‌ನಲ್ಲಿ ಜೋಡಿಸಿದ್ದನ್ನ. ಫ್ರಾನ್ಸ್ ಇಟಲಿ ಸೇರಿ 1981ರಲ್ಲಿ ಮಾಡ್ಕೊಂಡ ಕಂಪನಿ ಅದು, ಕೆನಡಾದವರ ಡ್ಯಾಶ್ 8 ಉತ್ಪಾದನೆ 2021ರಲ್ಲಿ ನಿಂತ ಮೇಲಂತೂ ಈ ಗಾತ್ರದಲ್ಲಿ ಏರ್‌ಲೈನ್‌ಗಳಿಗೆ ಹೆಚ್ಚು ಆಯ್ಕೆನೇ ಉಳಿದಿಲ್ಲ.

ಸಣ್ಣ ಊರುಗಳಿಗೆ ಅಗ್ಗದಲ್ಲಿ ವಿಮಾನ ಬಿಡೋ ಕೇಂದ್ರ ಸರ್ಕಾರದ ಯೋಜನೆ ಉಡಾನ್ ಬಗ್ಗೆ ಹೇಳದೇ ಈ ವಿಷಯ ಮುಗಿಯಲ್ಲ. 2017ರ ಏಪ್ರಿಲ್ 27ಕ್ಕೆ ಶಿಮ್ಲಾ ದೆಹಲಿ ನಡುವೆ ಮೊದಲ ಉಡಾನ್ ವಿಮಾನ, ಅದೂ ಎಟಿಆರ್ 42. ಹವಾಯಿ ಚಪ್ಪಲಿ ಹಾಕ್ಕೊಂಡೋನೂ ವಿಮಾನ ಹತ್ತಬೇಕು ಅಂದ್ರು. ಅರ್ಧ ಸೀಟಿಗೆ ಗಂಟೆ ಹಾರಾಟಕ್ಕೆ ಆವಾಗ 2,500 ರೂಪಾಯಿ ಮಿತಿ ಇಟ್ರು, ಉಳಿದ ಕೊರತೆ ಮೂರು ವರ್ಷ ಸರ್ಕಾರ ತುಂಬುತ್ತೆ ಅಂದ್ರು. ಐಡಿಯಾ ಚೆನ್ನಾಗಿತ್ತು. ನಮ್ಮ ಬೀದರ್, ಕಲಬುರಗಿ, ಬಳ್ಳಾರಿ ಪಕ್ಕದ ವಿದ್ಯಾನಗರ, ಮೈಸೂರು ಎಲ್ಲದಕ್ಕೂ ಆಸೆ ಹುಟ್ಟಿತು. ಬೀದರ್‌ಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್‌ನ ಎಟಿಆರ್ ಬಂತು, ಎರಡು ವರ್ಷಕ್ಕೆ ಆ ಕಂಪನಿಯ ಹಾರಾಟವೇ ನಿಂತುಹೋಯ್ತು. 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿ ಬಂದಾಗ ಒಟ್ಟು ಚಿತ್ರ ಗೊತ್ತಾಯ್ತು: ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಿಲ್ಲ, ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112, ಸಬ್ಸಿಡಿ ಮುಗಿದ ಮೇಲೂ ಉಳಿದಿದ್ದು 54. ಸಬ್ಸಿಡಿ ಅನ್ನೋದು ಸೈಕಲ್ ಕಲಿಸುವಾಗ ಹಿಂದೆ ಹಿಡ್ಕೊಂಡ ಕೈ, ಬಿಟ್ಟಾಗ ಓಡ್ಬೇಕು, ಹೆಚ್ಚಿನೋರು ಬಿದ್ರು.

ಯಾಕೆ ಬಿದ್ರು ಅನ್ನೋದಕ್ಕೆ ನನ್ನದೇ ಒಂದು ಅನುಭವ ಇದೆ, ಕಂಪನಿ ಹೆಸರೂ ಬೇಡ ಊರಿನ ಹೆಸರೂ ಬೇಡ. ಸಂಬಂಧಿಕರ ಮದುವೆಗೆ ಅಂತ ಟಿಕೆಟ್ ಮಾಡಿ ಏರ್‌ಪೋರ್ಟಿಗೆ ಹೋದ್ರೆ ಮೊದಲು ಒಂದು ಗಂಟೆ ಲೇಟು, ಆಮೇಲೆ ಮೂರು, ಆಮೇಲೆ ರದ್ದು. ಕೌಂಟರಿನ ಹುಡುಗ ಪಾಪ, ನಮಗಿಂತ ಅವನಿಗೇ ಹೆಚ್ಚು ಬೇಜಾರಾಗಿತ್ತು. ಬೆಳಗ್ಗೆ ಬೇರೆಲ್ಲೋ ಮಂಜಿಗೆ ಸಿಕ್ಕ ವಿಮಾನ ದಿನವಿಡೀ ಚೇತರಿಸ್ಕೊಂಡಿರ್ಲಿಲ್ಲ. ಇಂಥ ವಿಮಾನ ಒಂದು ದಿನಕ್ಕೆ ಆರು, ಎಂಟು ಸಲ ಹಾರುತ್ತೆ, ಹಳ್ಳಿ ಬಸ್ಸಿನ ಥರ ಅದೇ ಗಾಡಿ ಹೋಗಿ ಬಂದು ಹೋಗಿ ಬಂದು, ಬೆಳಗಿನ ಅರ್ಧ ಗಂಟೆ ಸಂಜೆಗೆ ಮೂರು ಗಂಟೆ ಆಗಿರುತ್ತೆ, ಬದಲಿಗೆ ತರೋಕೆ ಇನ್ನೊಂದು ವಿಮಾನ ಹತ್ತಿರದಲ್ಲಿ ಇರಲ್ಲ. ಕೊನೆಗೆ ಬಲಿಯಾಗೋದು ಕೊನೇ ಸಣ್ಣ ಊರು. ಒಂದ್ಸಲ ಹಿಂಗೆ ಆದ್ರೆ ಆ ಊರಿನವರು ಮುಂದಿನ ಸಲ ರಾತ್ರಿ ಬಸ್ಸೇ ಹತ್ತುತಾರೆ, ಸೀಟು ಖಾಲಿ ಹೋಗುತ್ತೆ, ಖಾಲಿ ಹೋದ್ರೆ ಮತ್ತೆ ಮೊದಲು ರದ್ದಾಗೋದು ಅದೇ ಊರು. ನಾವು ಆವತ್ತು ಕ್ಯಾಬ್ ಮಾಡಿ ಹೋಗಿ ತಲುಪಿದಾಗ ಊಟದ ಕೊನೇ ಪಂಕ್ತಿ, ಹೋಳಿಗೆ ಖಾಲಿ.

ಭಯದ ವಿಷಯ ಕೇಳ್ತಾರೆ ಜನ. 2023ರ ಜನವರಿ 15ಕ್ಕೆ ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದು 72 ಜನ ಸತ್ತಾಗ ಆ ಮೊಬೈಲ್ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಹನ್ನೊಂದು ಸಲ ಬಂದಿತ್ತು. ತನಿಖೆಯಲ್ಲಿ ಗೊತ್ತಾಗಿದ್ದು, ಇಳಿಯುವಾಗ ರೆಕ್ಕೆ ಹಿಂದಿನ ಪಟ್ಟಿನ ಕೆಳಗೆ ಬಗ್ಗಿಸೋ ಫ್ಲ್ಯಾಪ್ ಲಿವರ್ ಬದಲು ಪ್ರೊಪೆಲ್ಲರ್‌ನ ಲಿವರ್‌ಗಳನ್ನ ಎಳೆದುಬಿಟ್ಟಿದ್ರು, ಎಸಳುಗಳು ಗಾಳಿಗೆ ಅಂಚು ತಿರುಗಿಸಿ ನಿಂತವು, ತಳ್ಳೋ ಶಕ್ತಿ ಹೋಯ್ತು. 1994ರಲ್ಲಿ ಅಮೆರಿಕದ ರೋಸ್‌ಲಾನ್‌ನಲ್ಲಿ 68 ಜನ ಹೋಗಿದ್ದು ರೆಕ್ಕೆ ಮೇಲೆ ಹಿಮ ಕಟ್ಟಿ. ನಿಧಾನವಾಗಿ, ಮೋಡದ ಎತ್ತರದಲ್ಲೇ ಹೆಚ್ಚು ಹೊತ್ತು ಇರೋ ವಿಮಾನಕ್ಕೆ ಹಿಮ ದೊಡ್ಡ ಶತ್ರು, ಅದಾದ ಮೇಲೆ ರೆಕ್ಕೆ ಅಂಚಿನ ಉಬ್ಬೋ ರಬ್ಬರ್ ಪಟ್ಟಿಗಳನ್ನ ಅಗಲ ಮಾಡಿದ್ರು. ಇವೆಲ್ಲ ಓದಿದ ಮೇಲೆ ನಂಗೆ ಫ್ಯಾನ್ ಬಗ್ಗೆ ಭಯ ಹೋಗಿ, ಅದನ್ನ ಓಡಿಸೋರ ನಿದ್ದೆ, ತರಬೇತಿ, ಗಡಿಬಿಡಿ ಬಗ್ಗೆ ಯೋಚನೆ ಬಂತು. ಅದು ಜೆಟ್‌ಗೂ ಒಂದೇ.

ಇನ್ನು ಮಾವನ ಪ್ರಶ್ನೆ. ಅದರಲ್ಲಿ ಅರ್ಧ ಸರಿ ಇದೆ ಅನ್ನೋದನ್ನೂ ಒಪ್ಪಿಕೊಳ್ತೀನಿ. ಬೆಂಗಳೂರು ಶಿವಮೊಗ್ಗ ಅನ್ನೋ ದಾರಿಗೆ ವಿಮಾನ ಎಷ್ಟು ಬೇಕು? ಜನಶತಾಬ್ದಿಲಿ ಐದು ಗಂಟೆ ಹತ್ತಿರ. ವಿಮಾನ ಒಂದು ಗಂಟೆ ಅಂದ್ರೂ, ಜಯನಗರದಿಂದ ದೇವನಹಳ್ಳಿಗೆ ಎರಡು ಗಂಟೆ, ಮುಂಚೆ ಹೋಗಿ ಕೂರೋದು ಒಂದು ಗಂಟೆ, ಸೋಗಾನೆಯಿಂದ ತೀರ್ಥಹಳ್ಳಿಗೆ ಮತ್ತೆ ಗಾಡಿ. ಒಟ್ಟು ಲೆಕ್ಕಕ್ಕೆ ಉಳಿಯೋದು ಅಷ್ಟಕ್ಕಷ್ಟೆ. ನನ್ನ ಕೇಳಿದ್ರೆ ಈ ವಿಮಾನದ ನಿಜವಾದ ಜಾಗ ಅಡ್ಡ ದಾರಿಗಳಲ್ಲಿ. ಶಿವಮೊಗ್ಗದಿಂದ ಹೈದರಾಬಾದ್, ತಿರುಪತಿ, ಗೋವಾ, ರೈಲಲ್ಲಿ ಹೋದ್ರೆ ಸುತ್ತಿ ಬಳಸಿ ಒಂದು ರಾತ್ರಿ ಒಂದು ಹಗಲು. ಆ ಮಾರ್ಗಗಳಿಗೆ 2023ರಲ್ಲೇ ಸ್ಟಾರ್ ಏರ್ ಬಂತು, ಅವರದ್ದು ಎಂಬ್ರೇರ್, 76 ಸೀಟಿನ ಪುಟ್ಟ ಜೆಟ್, ಫ್ಯಾನ್ ಕಾಣಲ್ಲ, ಮಾವನಿಗೆ ಸ್ವಲ್ಪ ಸಮಾಧಾನ. ದೂರ ಐದುನೂರು ಕಿಲೋಮೀಟರ್ ದಾಟಿದಾಗ ಜೆಟ್‌ನ ವೇಗಕ್ಕೂ ಅರ್ಥ ಬರೋಕೆ ಶುರುವಾಗುತ್ತೆ, ಅದನ್ನೂ ಹೇಳಲೇಬೇಕು.

ರನ್‌ವೇ ವಿಷಯದಲ್ಲಿ ಮಾತ್ರ ನಾನು ಮಾವನ ವಿರುದ್ಧ ಪಕ್ಷ. ನಾರ್ವೆ ದೇಶದಲ್ಲಿ ಸಮುದ್ರದ ಅಂಚಿನ ಸಣ್ಣ ಸಣ್ಣ ಊರುಗಳಿಗೆ 1968ರಿಂದ 800 ಮೀಟರ್ ಆಸುಪಾಸಿನ ರನ್‌ವೇ ಕಟ್ಟಿದ್ರು, ಬೇಕಂತಲೇ ಚಿಕ್ಕದು. ವಿಡೆರೋ ಅನ್ನೋ ಕಂಪನಿಯ ಪಂಕದ ವಿಮಾನಗಳು ಇವತ್ತಿಗೂ ಅಲ್ಲಿ ಬಸ್ಸಿನ ಹಾಗೆ ಒಂದೂರಲ್ಲಿ ಇಳಿದು ಪಕ್ಕದೂರಿಗೆ ಹಾರ್ತವೆ. ಮೊದಲು ವಿಮಾನ ಯಾವುದು ಅಂತ ತೀರ್ಮಾನ ಮಾಡಿ ಆಮೇಲೆ ಟಾರ್ ಹಾಕಿದ್ರು. ನಮ್ಮಲ್ಲಿ ಮೈಸೂರು ಮಂಡಕಳ್ಳಿಯ ರನ್‌ವೇ 1,740 ಮೀಟರು, ಎಟಿಆರ್‌ಗೆ ಧಾರಾಳ ಸಾಕು, ಆದ್ರೂ ವರ್ಷಗಟ್ಟಲೆ ಮಾತೆಲ್ಲ ಅದನ್ನ ಉದ್ದ ಮಾಡೋದರ ಬಗ್ಗೆ, ಪಕ್ಕದಲ್ಲಿ ನಂಜನಗೂಡು ಹೈವೇ, ರೈಲು ಹಳಿ, ಅವುಗಳ ಕೆಳಗೆ ಮೇಲೆ ಹೆಂಗೆ ಹೋಗೋದು ಅಂತ. ಇರೋ ರನ್‌ವೇಲಿ ದಿನಕ್ಕೆ ನಾಲ್ಕು ಎಟಿಆರ್ ಟೈಮಿಗೆ ಸರಿಯಾಗಿ ಬಂದು ಹೋಗೋ ಹಾಗೆ ಮಾಡಿ ಅಂತ ಯಾರೂ ಧರಣಿ ಕೂತಿದ್ದು ನಾನು ನೋಡಿಲ್ಲ. ಅಡಿಗಲ್ಲು ಹಾಕೋಕೆ ಉದ್ದ ಬೇಕು, ಟೈಮ್‌ಟೇಬಲ್ಲಿಗೆ ಅಡಿಗಲ್ಲು ಇಲ್ಲ.

ಅಮ್ಮ ಈಗ ಮೂರು ಸಲ ಹಾರಿದ್ದಾಳೆ, ಪ್ರತಿ ಸಲ ಇಳಿದ ಮೇಲೆ ಹಿಂತಿರುಗಿ ನಿಂತು ಪ್ರೊಪೆಲ್ಲರ್ ನಿಲ್ಲೋವರೆಗೂ ನೋಡ್ತಾಳೆ. ನಿಲ್ಲುತ್ತಲೇ ಒಬ್ಬ ಹುಡುಗ ಬಂದು, ಗಾಳಿಗೆ ತಾನಾಗೇ ತಿರುಗದ ಹಾಗೆ ಎಸಳಿಗೆ ಪಟ್ಟಿ ಕಟ್ತಾನೆ. "ಕರುನ ಕಟ್ಟಿದ ಹಾಗೆ ಕಟ್ತಾನೆ ನೋಡು" ಅಂದಳು ಕಳೆದ ಸಲ.

ಮಾವ ಮೊನ್ನೆ ಫೋನ್ ಮಾಡಿದ್ದ. ಅವನ ತೋಟದ ಮೇಲೇ ವಿಮಾನ ಇಳಿಯೋಕೆ ಬರೋದು, ಆ ಸೌಂಡ್ ಬಂದ್ರೆ ಆಳುಗಳು ತಿಂಡಿಗೆ ಏಳ್ತಾರಂತೆ, ಬಾರದ ದಿನ ಇವನೇ ಕೂಗ್ಬೇಕಂತೆ. ಕಣ್ಣಿನ ಆಪರೇಷನ್‌ಗೆ ಬೆಂಗಳೂರಿಗೆ ಬರ್ಬೇಕು, ಬಸ್ಸಲ್ಲಿ ಕುಲುಕಾಟ ಬೇಡ ಅಂದಿದ್ದಾರೆ ಡಾಕ್ಟ್ರು, ಟಿಕೆಟ್ ಮಾಡು ಅಂದ. ಯಾವ ಸೀಟು ಅಂತ ಕೇಳಿದೆ.

"ಹಿಂದಿಂದು ಹಾಕ್ಸು, ಮುಂದೆ ಸೌಂಡ್ ಜಾಸ್ತಿಯಂತೆ ನಿಮ್ಮಮ್ಮ ಹೇಳಿದ್ಲು" ಅಂದ. ಒಂದು ಕ್ಷಣ ಬಿಟ್ಟು, "ಅಷ್ಟರಲ್ಲಿ ದೊಡ್ಡದೇನಾದ್ರೂ ಬಿಟ್ರೆ ಅದಕ್ಕೇ ಮಾಡು ಮತ್ತೆ" ಅಂತ ಸೇರಿಸಿದ.